ಟವೆಲ್ ಅಡಿಯ ಇಡ್ಲಿ

ಒಂದು ಗಾದೆಯ ಸೊಂಟ ಮುರಿದು ಈ ಕತೆಯನ್ನು ಶುರು ಮಾಡುವುದೆಂದು ಮೊದಲು ಯೋಚನೆಯಿತ್ತು. ಆದರೆ ಸೊಂಟ ಮುರಿದರೆ ಆಸ್ಪತ್ರೆಗೆ ಸೇರಿಸಬೇಕು, ಸೇರಿಸಿದರೆ ಎಷ್ಟಾಗುತ್ತದೆಂದು ಯಾರೂ ಮುಂಚೆ ಹೇಳುವುದಿಲ್ಲ. ಆದ್ದರಿಂದ ಗಾದೆಗಳೆಲ್ಲ ಅವರವರ ಮನೆಯಲ್ಲಿ ಆರೋಗ್ಯವಾಗಿರಲಿ. ಕತೆ ಮಾತ್ರ ನಿಜ. ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡಿನ ಎದುರು ಹಾಡುಹಗಲಲ್ಲಿ ನಡೆದದ್ದು; ಅನುಮಾನವಿದ್ದವರು ಕಂಠಪ್ಪನ ಹೋಟೆಲಿಗೆ ಹೋಗಿ ವಿಚಾರಿಸಬಹುದು, ಕಾಫಿ ಕುಡಿದೇ ವಿಚಾರಿಸಬೇಕು ಅಷ್ಟೆ.

ಪೂಜಾ ಹಾರನಹಳ್ಳಿಯ ಹುಡುಗಿ. ಮೈಸೂರಿನಲ್ಲಿ ಎಂ.ಬಿ.ಎ. ಓದಿ, ವೀರಭದ್ರಸ್ವಾಮಿಯವರ ಶುಂಠಿ ಮಂಡಿಯಲ್ಲಿ ಎಚ್.ಆರ್. ಆಗಿದ್ದಳು. ಎಚ್.ಆರ್. ಎಂದರೆ ಅಲ್ಲಿ ಹಾಜರಿ ಮತ್ತು ರಜೆ. ಶುಂಠಿ ತೊಳೆಯುವವರು, ಆರಿಸುವವರು, ಮೂಟೆ ಹೊರುವವರು, ಲಾರಿ ಡ್ರೈವರುಗಳು ಎಲ್ಲರ ಹಾಜರಿ, ರಜೆ, ಜಗಳ, ಜ್ವರ ಅವಳ ಮೇಜಿಗೇ ಬರುತ್ತಿದ್ದವು. ಓದಿದ ವಿದ್ಯೆಗಿಂತ ಅವಳಿಗೆ ಓದದೇ ಬಂದ ವಿದ್ಯೆಯೇ ಹೆಚ್ಚು ಕೆಲಸಕ್ಕೆ ಬರುತ್ತಿತ್ತು: ಒಮ್ಮೆ ಕೇಳಿದ ದನಿ ಅವಳ ಗಂಟಲಲ್ಲಿ ಬಾಡಿಗೆಗೆ ಇಳಿದುಬಿಡುತ್ತಿತ್ತು. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿ ಒಂದು ವಾರ ಸಸ್ಪೆಂಡ್ ಆಗಿದ್ದಳು. ಸಸ್ಪೆಂಡ್ ಆರ್ಡರನ್ನೂ ಪ್ರಿನ್ಸಿಪಾಲರ ದನಿಯಲ್ಲೇ ಗೆಳತಿಯರಿಗೆ ಓದಿ ಹೇಳಿದ್ದಳು.

ಆ ಶುಕ್ರವಾರ ಅವಳಿಗೆ ಯಾವ ದನಿಯೂ ಬೇಡವಾಗಿತ್ತು. ಕುಳ್ಳಮ್ಮ ಎದುರಿಗೆ ಕೂತಿದ್ದಳು.

ಕುಳ್ಳಮ್ಮ ಆರಿಸುವ ಶೆಡ್ಡಿನ ಹಿರಿಯಾಳು. ಮಣ್ಣು ಮೆತ್ತಿದ ಶುಂಠಿಯನ್ನು ಮುಟ್ಟಿಯೇ ಕೊಳೆತದ್ದು ಯಾವುದೆಂದು ಹೇಳುವವಳು. ಮುಟ್ಟದೆಯೇ ಹೇಳುವ ಬಾಯಿಯೂ ಅವಳಿಗಿತ್ತು. ಎರಡು ತಿಂಗಳಿಂದ ಬಲಪಕ್ಕೆಯಲ್ಲಿ ನೋವು. ಸ್ಕ್ಯಾನ್ ಮಾಡಿಸಿದರೆ ಪಿತ್ತಕೋಶದಲ್ಲಿ ಕಲ್ಲು, ತೆಗೆಸಲೇಬೇಕೆಂದರು. ಮಂಡಿಯವರಿಗೆಲ್ಲ ವೀರಭದ್ರಸ್ವಾಮಿಯವರೇ ದುಡ್ಡು ಕಟ್ಟಿ ಮಾಡಿಸಿದ ಹೆಲ್ತ್ ಪಾಲಿಸಿ ಇತ್ತು, ಮನೆಗೆ ವರ್ಷಕ್ಕೆ ಒಂದು ಲಕ್ಷ. ಆದರೆ ಅವಳ ಗಂಡ ಚಿಕ್ಕಣ್ಣನಿಗೆ ಜ್ವರ ಬಂದಾಗ ಹುಣಸೂರಿನ ನರ್ಸಿಂಗ್ ಹೋಮಿನವರು ಪಾಲಿಸಿ ಕಾರ್ಡು ನೋಡಿದ್ದೇ ತಡ ಸ್ಪೆಷಲ್ ವಾರ್ಡಿನಲ್ಲಿ ಮಲಗಿಸಿ, ಡ್ರಿಪ್ಪು ಹಾಕಿ, ಲಕ್ಷದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಗುಟುಕರಿಸಿದ್ದರು. ಈಗ ಕಲ್ಲಿನ ಆಪರೇಷನ್ನಿಗೆ ಉಳಿದದ್ದು ಸಾಲದು, ಮಿಕ್ಕದ್ದನ್ನು ಮೊದಲೇ ಕಟ್ಟಿ ಎನ್ನುತ್ತಿದ್ದರು. ಸರ್ಕಾರಿ ಕಾರ್ಡಿನ ಬಾಗಿಲೂ ಮುಚ್ಚಿತ್ತು. ಮಗ ಟ್ರಾಕ್ಟರು ತಂದ ವರ್ಷವೇ ಅವರ ಬಿ.ಪಿ.ಎಲ್. ಕಾರ್ಡು ರದ್ದಾಗಿತ್ತು.

"ಎಷ್ಟಾಯ್ತದಂತೆ ಪೂಜವ್ವ? ಅದ್ನಾದ್ರೂ ಕೇಳಿ ಹೇಳು. ಕಲ್ಲು ನಂದೇಯ, ರೇಟು ನಂಗೇ ಗೊತ್ತಿಲ್ವಲ್ಲ."

ಪೂಜಾ ನರ್ಸಿಂಗ್ ಹೋಮಿಗೆ ಫೋನು ಮಾಡಿದಳು. ರಿಸೆಪ್ಷನ್ನಿನವಳು, "ಇನ್ಶೂರೆನ್ಸ್ ಇದ್ಯಾ ಮೇಡಂ?" ಎಂದಳು.

"ಇದೆ. ಆಪರೇಷನ್ನಿಗೆ ಎಷ್ಟಾಗುತ್ತೆ ಹೇಳಿ."

"ಅದು ಡಾಕ್ಟ್ರು ಹೇಳ್ಬೇಕು ಮೇಡಂ."

ಡಾಕ್ಟರ ಸಹಾಯಕ ಬಿಲ್ಲಿಂಗಿನವರನ್ನು ಕೇಳಿ ಎಂದ. ಬಿಲ್ಲಿಂಗಿನವನು ಇನ್ಶೂರೆನ್ಸ್ ಡೆಸ್ಕಿಗೆ ಕೊಟ್ಟ. ಡೆಸ್ಕಿನವಳು ಪಾಲಿಸಿ ಕಂಪನಿಯ ಅಪ್ರೂವಲ್ ಬಂದ ಮೇಲೆ ಗೊತ್ತಾಗುತ್ತದೆ ಎಂದಳು. ಅಪ್ರೂವಲ್ ಯಾವಾಗ ಬರುತ್ತದೆ? ಅಡ್ಮಿಟ್ ಆದ ಮೇಲೆ. ಅಡ್ಮಿಟ್ ಆಗುವ ಮೊದಲು ರೇಟು ಬೇಕಾದರೆ? "ರಿಸೆಪ್ಷನ್ನಿಗೆ ಕೊಡ್ತೀನಿ ಇರಿ ಮೇಡಂ." ಫೋನು ಒಂದು ಪ್ರದಕ್ಷಿಣೆ ಹಾಕಿ ಅದೇ ಹುಡುಗಿಯ ಬಳಿಗೆ ಬಂತು. ಕಲ್ಲು ಕುಳ್ಳಮ್ಮನ ಪಿತ್ತಕೋಶದಲ್ಲಿತ್ತು, ಪಿತ್ತ ಮಾತ್ರ ಪೂಜಾಳ ನೆತ್ತಿಗೇರಿತು.

ಅವಳು ಗಂಟಲು ಸರಿಮಾಡಿಕೊಂಡಳು. ಮತ್ತೆ ಅದೇ ನಂಬರು, ಬೇರೆ ಸಿಮ್ಮು, ಹಳ್ಳಿ ಅಜ್ಜಿಯೊಬ್ಬಳ ದನಿ; ಈ ಸಲ ನೇರ ಬಿಲ್ಲಿಂಗಿಗೇ ಕೊಡಿಸಿಕೊಂಡಳು.

"ಯಪ್ಪಾ... ನಾನು ಆರನಳ್ಳಿ ಕಡೇವ್ಳು ಕಣಪ್ಪಾ. ಒಟ್ಟೇಲಿ ಕಲ್ಲು ಅವ್ಯಂತೆ. ಇನ್ಸೂರೆನ್ಸು ಗಿನ್ಸೂರೆನ್ಸು ಒಂದೂ ಇಲ್ಲ. ಎಷ್ಟಾದದು?"

"ನಲವತ್ತು ಸಾವಿರ ಅಜ್ಜಿ, ಎಲ್ಲಾ ಸೇರಿ," ಎಂದ ಬಿಲ್ಲಿಂಗಿನವನು, ಕೇಳಿದ ತಕ್ಷಣ, ತರಕಾರಿ ತೂಗಿದಷ್ಟು ಸಲೀಸಾಗಿ. "ಕ್ಯಾಶ್ ಆದ್ರೆ ಮೂವತ್ತೆಂಟಕ್ಕೆ ಮಾಡಿಸಿಕೊಡ್ತೀನಿ."

ಕುಳ್ಳಮ್ಮ ಬಾಯಿಗೆ ಸೆರಗು ತುರುಕಿಕೊಂಡಳು. ಪೂಜಾ ಹತ್ತು ನಿಮಿಷ ಬಿಟ್ಟು, ಈ ಸಲ ಸಾಕ್ಷಾತ್ ವೀರಭದ್ರಸ್ವಾಮಿಯವರ ಗಡಸು ದನಿಯನ್ನು ಎದೆಯ ತಳದಿಂದ ಎಳೆದು ತಂದಳು.

"ರೀ, ನಮ್ಮ ಕಂಪ್ನಿ ಕಡೆಯವ್ರಿಗೆ ಪಿತ್ತಕೋಶದ್ದು ಆಪರೇಸನ್ ಮಾಡುಸ್ಬೇಕು. ಎಷ್ಟಾಯ್ತದ್ರೀ?"

"ಪಾಲಿಸಿ ಲಿಮಿಟ್ ಎಷ್ಟಿದೆ ಸರ್?"

"ಒಂದು ಲಕ್ಷ."

"ಹಾಗಾದ್ರೆ ತೊಂಬತ್ತು, ತೊಂಬತ್ತೈದರಲ್ಲಿ ಆಗುತ್ತೆ ಸರ್."

"ಎರಡು ಲಕ್ಷ ಇದ್ರೆ?"

ಆ ಕಡೆ ಕ್ಯಾಲ್ಕುಲೇಟರಿನ ಗುಂಡಿ ಒತ್ತಿದ ಸದ್ದು. ಕಲ್ಲು ದೊಡ್ಡದಾಗುತ್ತಿದ್ದ ಸದ್ದು ಅದು. "ಆಗ ಡೀಲಕ್ಸ್ ರೂಮ್ ತಗೊಳ್ಳಿ ಸರ್. ಕಂಫರ್ಟಬಲ್ ಆಗಿರುತ್ತೆ."

ಪೂಜಾ ಫೋನಿಟ್ಟಳು. ಕ್ಯಾಶ್‌ಲೆಸ್ ಎಂಬುದರಲ್ಲಿ ಲೆಸ್ಸು ನಮಗೆ, ಕ್ಯಾಶು ಅವರಿಗೆ ಎಂದು ಅವಳಿಗೆ ಸ್ಪಷ್ಟವಾಯಿತು. ಸುಮ್ಮನಿರಲಾರದೆ ಕೆ.ಆರ್. ನಗರದ ಒಂದು ಸಣ್ಣ ಆಸ್ಪತ್ರೆಗೂ ಫೋನು ಮಾಡಿದಳು, ಅವಳದೇ ದನಿಯಲ್ಲಿ. ಅಲ್ಲಿ ಫೋನೆತ್ತಿದ ನರ್ಸು, "ಮೂವತ್ತಾರು ಸಾವಿರ, ಔಷಧಿ ಸೇರಿ. ಇನ್ಶೂರೆನ್ಸ್ ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ. ಗೋಡೆ ಮೇಲೆ ಬರ್ಸಿದೀವಿ, ಫೋಟೋ ಕಳಿಸ್ಲಾ?" ಎಂದಳು. ಫೋಟೋ ಬಂದೂ ಬಂತು. ಪೂಜಾಳಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಇಷ್ಟು ಸಿಕ್ಕ ಮೇಲೆ ಕೆಲಸ ಸುಲಭವೆಂದುಕೊಂಡಳು. ಅವಳು ಲೆಕ್ಕಕ್ಕೆ ತೆಗೆದುಕೊಳ್ಳದೇ ಇದ್ದದ್ದು ವೀರಭದ್ರಸ್ವಾಮಿಯವರನ್ನು.

ಅವರ ಮಂಡಿಯಲ್ಲಿ ಒಂದೇ ಕಾನೂನು: ರೇಟನ್ನು ಅಂಗಳದಲ್ಲಿ ನಿಂತು ಕೂಗಿ ಹೇಳಬೇಕು. ವಯನಾಡಿನ ವ್ಯಾಪಾರಿ ಬಂದು ಕಿವಿಯಲ್ಲಿ ಪಿಸುಗುಟ್ಟಿದರೆ, "ಏನ್ರೀ, ನಮ್ಮನೇಗೇನು ಹೆಣ್ಣು ಕೇಳೋಕೆ ಬಂದಿದ್ದೀರಾ? ಜೋರಾಗಿ ಹೇಳಿ, ಮೂಟೆ ಹೊರೋನಿಗೂ ಕೇಳುಸ್ಲಿ," ಎನ್ನುವರು. ಕೆಜಿಗೆ ಎಂಟಾಣೆ ಬಿಡದ ಮನುಷ್ಯ. ಅದೇ ಮನುಷ್ಯ ಪಾಲಿಸಿ ಏಜೆಂಟ್ ಸುನೀಲ್‌ಕುಮಾರ್ ತಂದ ಕಾಗದಕ್ಕೆ ಪ್ರತಿ ವರ್ಷ ಕಣ್ಣು ಮುಚ್ಚಿ ಸಹಿ ಹಾಕುತ್ತಿದ್ದರು. ಪಾಲಿಸಿ ಎಂದರೆ ಕನ್ನಡದ ಆಜ್ಞಾರ್ಥಕ ಎಂದೇ ತಿಳಿದಂತೆ ಪಾಲಿಸುತ್ತಿದ್ದರು.

ಪೂಜಾ ಹೇಳಿದ್ದನ್ನೆಲ್ಲ ಅವರು ಕೇಳಿಸಿಕೊಂಡರು.

"ಸರ್, ಒಂದೇ ಆಸ್ಪತ್ರೆ, ಒಂದೇ ಡಾಕ್ಟ್ರು, ಒಂದೇ ಮಂಚ. ಅಜ್ಜಿಗೆ ಮೂವತ್ತೆಂಟು, ನಮಗೆ ತೊಂಬತ್ತು."

"ಯಾವ ಅಜ್ಜಿ?"

"ನಾನೇ ಸರ್ ಅಜ್ಜಿ."

"ಥೂ! ಡಾಕ್ಟ್ರ ಆಸ್ಪತ್ರೆಗೆ ಫೋನ್ ಮಾಡಿ ನಾಟ್ಕ ಆಡಿದ್ಯಾ? ನೋಡವ್ವ, ನಮ್ಮಪ್ಪನ್ನ ಸಾವಿನ ಬಾಗ್ಲಿಂದ ಎಳ್ಕಂಡು ಬಂದೋರು ಆ ಡಾಕ್ಟ್ರು. ಅಂತೋರ ತಾವ ರೇಟ್ ಕೇಳದು ದೇವಸ್ಥಾನದಾಗೆ ಮಂಗಳಾರತಿಗೆ ಚಿಲ್ರೆ ಕೇಳ್ದಂಗೆ. ಅದು ನಮ್ಮ ಮನೆತನಕ್ಕೆ ಬಂದಿಲ್ಲ ಬುಡು."

"ಸರ್, ಕೇಳದೇ ಇದ್ದಿದ್ದಕ್ಕೇ ಅವ್ರು ಬಿಲ್ ಏರಿಸ್ತಾ ಹೋಗಿ, ಈ ಸಲ ಪ್ರೀಮಿಯಂ ಮೂರನೇ ಒಂದು ಭಾಗ ಜಾಸ್ತಿ ಆಗಿದೆ. ಅದೂ ಅಲ್ದೆ ಹೊಸ ಪಾಲಿಸೀಲಿ, ಈಗಾಗಲೇ ಇರೋ ಕಾಯಿಲೆಗೆ ಎರಡು ವರ್ಷ ಕಾಯ್ಬೇಕು ಅಂತ ಸೇರಿಸಿದ್ದಾರೆ. ನೀವು ಸಹಿ ಹಾಕಿದ್ರೆ ಕುಳ್ಳಮ್ಮನ ಕಲ್ಲು ಎರಡು ವರ್ಷ ಅಲ್ಲೇ ಇರುತ್ತೆ."

"ಸುನೀಲ್‌ಕುಮಾರ್ ನೋಡ್ಕತಾನೆ. ಸೋಮವಾರ ರಾಹುಕಾಲ ಕಳದ್ಮೇಲೆ ಕಂಠಪ್ಪನ ಓಟ್ಲಲ್ಲಿ ಸಹಿ ಹಾಕ್ತೀನಿ ಅಂದಿದೀನಿ. ಮಾತು ಕೊಟ್ಟಾಗದೆ."

ಪೂಜಾ ಹೊರಗೆ ಬಂದು ಶುಂಠಿ ಮೂಟೆಗೆ ಒದ್ದಳು. ಮೂಟೆಗೆ ಏನೂ ಆಗಲಿಲ್ಲ. ಕಾಲು ಹಿಡಿದುಕೊಂಡು ಕುಂಟುತ್ತ ಶೆಡ್ಡಿಗೆ ಹೋದರೆ, ಕುಳ್ಳಮ್ಮ ಪಕ್ಕೆಗೆ ಕೈಯೊತ್ತಿಕೊಂಡೇ ಶುಂಠಿ ಆರಿಸುತ್ತಿದ್ದಳು.

"ಒಪ್ನಿಲ್ವಾ?"

"ಡಾಕ್ಟ್ರ ಹತ್ರ ರೇಟ್ ಕೇಳೋಕೆ ನಾಚ್ಕೆಯಂತೆ."

"ನಾಚ್ಕೆಯಾ! ದಿನಾ ಕಂಠಪ್ಪನ ಓಟ್ಲಾಗೆ ವಡೆಗೆ ಎರಡು ರೂಪಾಯಿ ಏರ್ಸಿದ್ಯಾಕೆ ಅಂತ ಬೋರ್ಡ್ ತೋರಿಸ್ಕಂಡು ಕಿತ್ತಾಡ್ತಾರಲ್ಲ, ಆಗ ಎಲ್ಲೋಗಿರ್ತದೆ ಆ ನಾಚ್ಕೆ?"

ಪೂಜಾ ಕುಂಟುವುದನ್ನು ನಿಲ್ಲಿಸಿದಳು. ಕುಳ್ಳಮ್ಮನನ್ನೇ ನೋಡಿದಳು.

"ಕುಳ್ಳಮ್ಮಾ, ಸೋಮವಾರ ಒಂದೆರಡು ಗಂಟೆ ಕುರ್ಚಿ ಮೇಲೆ ಕೂರೋಕಾಗುತ್ತಾ? ಕೆಲಸ ಹೋದ್ರೂ ಹೋಗಬಹುದು."

"ಕಲ್ಲು ಹೋಗದಾದ್ರೆ ಕೆಲ್ಸಾನೂ ಹೋಗ್ಲಿ ಬುಡವ್ವ."

ಸೋಮವಾರ ಒಂಬತ್ತು ದಾಟಿದ ಮೇಲೆ ವೀರಭದ್ರಸ್ವಾಮಿಯವರು ಹಣೆತುಂಬ ವಿಭೂತಿ ಧರಿಸಿ, ಸುನೀಲ್‌ಕುಮಾರನನ್ನು ಕರೆದುಕೊಂಡು ಹೋಟೆಲಿಗೆ ಬಂದರು. ಬಂದವರು ಅಭ್ಯಾಸದಂತೆ ಮೊದಲು ಗೋಡೆ ನೋಡಿದರು. ದರದ ಬೋರ್ಡಿಗೆ ಬಿಳಿ ಪಂಚೆ ಹೊದಿಸಿತ್ತು.

"ಲೇ ಕಂಠಪ್ಪ, ಬೋರ್ಡಿಗೇನ್ಲಾ ಆಗದೆ? ಸತ್ತೋಯ್ತಾ?"

ಅಡುಗೆಮನೆಯಿಂದ ಪಾತ್ರೆಯ ಸದ್ದಷ್ಟೇ ಬಂತು. ಗಲ್ಲಾಪೆಟ್ಟಿಗೆಯ ಹಿಂದೆ ಕಂಠಪ್ಪನ ಕನ್ನಡಕ ಹಾಕಿಕೊಂಡು ಕುಳ್ಳಮ್ಮ ಕೂತಿದ್ದಳು.

"ಪೇಸೆಂಟ್ ಎಸ್ರು?"

"ಏನು?"

"ಅಸಿವು ಯಾರಿಗೆ? ನಿಮ್ಗಾ, ಜೊತೆಗಿರೋರ್ಗಾ?"

"ಕುಳ್ಳಮ್ಮ! ನೀನಿಲ್ಲೇನ್ ಮಾಡ್ತಾ ಇದೀಯ? ಎರಡು ಇಡ್ಲಿ ಒಂದು ವಡೆ ಕಳ್ಸು ಅನ್ನು."

"ಅಂಗೆಲ್ಲ ಒಂದೇ ಸಲ ಆಗಾಕಿಲ್ಲ ಸಾವ್ಕಾರ್ರೆ. ಅಸಿವು ಯಾವತ್ತಿಂದ ಅದೆ? ಈ ಮುಂಚೆ ಇಡ್ಲಿ ತಿಂದಿದ್ರಾ? ಅಳೇ ಅಸಿವಾದ್ರೆ ನಮ್ಮಲ್ಲಿ ಎರಡು ವರ್ಷ ಕಾಯ್ಬೇಕು."

ಸುನೀಲ್‌ಕುಮಾರ್ ಮುಗುಳ್ನಕ್ಕ. ವೀರಭದ್ರಸ್ವಾಮಿಯವರಿಗೆ ನಗು ಬರಲಿಲ್ಲ. ಅವರ ಹೊಟ್ಟೆ ಒಂಬತ್ತಕ್ಕೆ ಸರಿಯಾಗಿ ಹಾಜರಿ ಹಾಕುವಂಥದು. "ಇಡ್ಲಿ ಎಷ್ಟಮ್ಮಿ ಇವತ್ತು? ಅದ್ನೇಳು ಸಾಕು."

"ತಿಂದ್ಮೇಲೆ ಗೊತ್ತಾಯ್ತದೆ."

ಅಷ್ಟರಲ್ಲಿ ಅಡುಗೆಮನೆಯ ಕಿಟಕಿಯಿಂದ, ಹುಣಸೂರಿನ ರಿಸೆಪ್ಷನ್ ಹುಡುಗಿಯ ದನಿಯೇ ರಾಗ ಎಳೆದು ಬಂತು: "ಟೇಬಲ್ ನಂಬರ್ ಮೂರರ ಕಡೆಯವರು ಯಾರಿದ್ದರೂ ಕೂಡಲೇ ಬಿಲ್ಲಿಂಗ್ ಕೌಂಟರ್‌ಗೆ ಬರಬೇಕಾಗಿ ವಿನಂತಿ." ಸುನೀಲ್‌ಕುಮಾರ್ ಆ ದನಿ ಗುರುತು ಹಿಡಿದು, ಆ ಹುಡುಗಿ ಇಲ್ಲಿಗೆ ಯಾಕೆ ಬಂದಳೆಂದು ಕತ್ತು ಉದ್ದ ಮಾಡಿದ.

ಅಂತೂ ಇಡ್ಲಿ ಬಂತು. ಒಬ್ಬ ಅಡುಗೆಯವನು ಬಂದು ತಟ್ಟೆಯನ್ನು ಬಗ್ಗಿ ನೋಡಿ, ಮಾತಾಡದೆ ತಲೆಯಾಡಿಸಿ ಹೋದ. ಕುಳ್ಳಮ್ಮ, "ವಿಸಿಟಿಂಗ್ ಭಟ್ರು, ನೋಡಿದ್ದಕ್ಕೆ ಸಪ್ರೇಟು," ಎಂದು ಬರೆದುಕೊಂಡಳು. ಚಟ್ನಿ ಕೇಳಿದರೆ ಅದು ಪಾಲಿಸಿಯಲ್ಲಿ ಬರುವುದಿಲ್ಲ ಎಂದಳು. ವೀರಭದ್ರಸ್ವಾಮಿಯವರು ಚಟ್ನಿಯಿಲ್ಲದ ಇಡ್ಲಿಯನ್ನೇ ಸಿಟ್ಟಿನಿಂದ ನುಂಗುತ್ತಿರುವಾಗ, ಪಕ್ಕದ ಮೇಜಿನ ಬೈಲುಕುಪ್ಪೆ ಬಸ್ಸಿನ ಕಂಡಕ್ಟರ್ ಅದೇ ಇಡ್ಲಿ, ಅದೇ ವಡೆ, ಎರಡು ಸಲ ಚಟ್ನಿ ಹಾಕಿಸಿಕೊಂಡು ತಿಂದು ಗಲ್ಲಾಪೆಟ್ಟಿಗೆಗೆ ಬಂದ.

"ನಿಂದು ಐವತ್ತು ಕಣಪ್ಪ," ಎಂದಳು ಕುಳ್ಳಮ್ಮ, ಬೀದಿಗೆ ಕೇಳುವಂತೆ.

"ಅವ್ನಿಗೆ ಐವತ್ತು! ನಂಗೆ?"

"ನೀವು ಕಂಪ್ನಿ ಕಡೆಯವ್ರು. ನಿಮ್ಮದು ಬ್ಯಾರೆ. ಅದ್ನ ಓಟ್ಲವ್ರೂ ಪಾಲಿಸಿಯವ್ರೂ ಮಾತಾಡ್ಕಬೇಕು."

ಮಾತಾಡಿಕೊಳ್ಳುವವರು ಆಗಲೇ ಬಂದಿದ್ದರು. ಅಡುಗೆಮನೆಯಿಂದ ಕಂಠಪ್ಪ, ಅವನ ಹಿಂದೆಯೇ ಪೂಜಾ. ಕಂಠಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಮೇಜಿನ ಮೇಲೆ ಹರಡಿದ. ಇಬ್ಬರೂ ಅದರಡಿಗೆ ಕೈ ತೂರಿಸಿ, ಮುಖ ಅತ್ತ ತಿರುಗಿಸಿ ಕೂತರು.

ದನದ ಸಂತೆಯಲ್ಲಿ ದಲ್ಲಾಳಿಗಳು ಹೀಗೆಯೇ ವ್ಯಾಪಾರ ಮಾಡುತ್ತಾರೆ. ಬಾಯಿ ಬಿಡುವುದಿಲ್ಲ, ಟವೆಲ್ ಮರೆಯಲ್ಲಿ ಬೆರಳು ಹಿಡಿದು, ಒತ್ತಿ, ಬಿಟ್ಟು ಬೆಲೆ ಕಟ್ಟುತ್ತಾರೆ. ಎತ್ತಿನ ಒಡೆಯ ಪಕ್ಕದಲ್ಲೇ ಹಗ್ಗ ಹಿಡಿದು ನಿಂತಿದ್ದರೂ ಅವನಿಗೆ ಕಾಣುವುದು ಟವೆಲ್ ಅಲ್ಲಾಡುವುದಷ್ಟೆ. ವೀರಭದ್ರಸ್ವಾಮಿಯವರ ತಂದೆ ಒಂದು ಜೊತೆ ಹಳ್ಳಿಕಾರ್ ಎತ್ತನ್ನು ಹೀಗೆ ಕಳೆದುಕೊಂಡಿದ್ದರಂತೆ. ಅಂದಿನಿಂದ ಆ ಮನೆಯವರಿಗೆ ಹೆಗಲ ಮೇಲಿನ ಟವೆಲ್ ಕಂಡರೂ ಮೈ ಉರಿ. ಕಂಠಪ್ಪನಿಗೆ ಇದು ಗೊತ್ತಿತ್ತು. ಅವನೇ ಪೂಜಾಳಿಗೆ ಹೇಳಿಕೊಟ್ಟವನು.

ಟವೆಲ್ ಅಲ್ಲಾಡಿತು. ಕಂಠಪ್ಪ ಹುಬ್ಬು ಏರಿಸಿದ. ಪೂಜಾ ತುಟಿ ಕಚ್ಚಿ ತಲೆ ಅಡ್ಡ ಆಡಿಸಿದಳು. ಮತ್ತೆ ಅಲ್ಲಾಡಿತು. ಇಬ್ಬರೂ ಸಮಾಧಾನದಿಂದ ನಿಟ್ಟುಸಿರು ಬಿಟ್ಟರು.

"ಎಷ್ಟಕ್ಕೆ ಆಯ್ತು?" ಎಂದರು ವೀರಭದ್ರಸ್ವಾಮಿ.

"ನಿಮ್ಗ್ಯಾಕೆ ಸಾವ್ಕಾರ್ರೆ? ನಿಮ್ದು ಕ್ಯಾಸ್‌ಲೆಸ್ಸು," ಎಂದಳು ಕುಳ್ಳಮ್ಮ. "ಮುಂದಿನ ವರ್ಷದ ಕಂತಿನಾಗೆ ಸೇರ್ಸಿ ತಗತಾರೆ."

ಅವರು ಎದ್ದ ರಭಸಕ್ಕೆ ಸಾಂಬಾರು ಮಗುಚಿತು. "ತಿಂದೋನು ನಾನು! ದುಡ್ಡು ನಂದು! ನಡುವೆ ನಿಮ್ಮಿಬ್ರದ್ದು ಏನ್ಲಾ ಇದು ಟವೆಲ್ ಒಳಗೆ?" ಎಂದು ಟವೆಲನ್ನು ಕಿತ್ತು ಬೀದಿಗೆಸೆದರು. ಕಂಠಪ್ಪನ ಎರಡು ಬೆರಳನ್ನು ಹಿಡಿದ ಪೂಜಾಳ ಕೈ ಹಾಗೆಯೇ ಬಯಲಾಯಿತು.

ಪೂಜಾ ಕೈ ಬಿಡಿಸಿಕೊಂಡು ಎದ್ದು ನಿಂತಳು. ಅವಳಿಗೆ ತಿಳಿಯದೆಯೇ ಅವರದೇ ಗಡಸು ದನಿ ಹೊರಬಿತ್ತು: "ರೇಟ್ ಕೇಳದು ನಮ್ಮ ಮನೆತನಕ್ಕೆ ಬಂದಿಲ್ಲ ಬುಡು."

ವೀರಭದ್ರಸ್ವಾಮಿಯವರು ಅವಳನ್ನು ನೋಡಿದರು, ಪಂಚೆ ಹೊದ್ದ ಬೋರ್ಡು ನೋಡಿದರು, ಕೊನೆಗೆ ಗಲ್ಲಾಪೆಟ್ಟಿಗೆಯ ಕಡೆ ತಿರುಗಿದರು. ಕುಳ್ಳಮ್ಮ ಕನ್ನಡಕ ತೆಗೆದು, ಮೇಜಿಗೆ ಒರಗಿ, ಬಲಪಕ್ಕೆಯನ್ನು ಮುಷ್ಟಿಯಿಂದ ಒತ್ತಿ ಹಿಡಿದಿದ್ದಳು. ಮುಖ ಬಿಳುಚಿತ್ತು.

"ನೋಯ್ತಾ ಅದಾ?"

"ಇಂಗೆ ಒರಗಿದ್ರೆ ತಡ್ಕಬೌದು ಸಾವ್ಕಾರ್ರೆ."

ಅವರು ಸುನೀಲ್‌ಕುಮಾರನ ಕಡೆ ತಿರುಗಿದರು. "ಏನಪ್ಪ, ಅಲ್ಲೂ ಇಂಗೇನಾ ನಡೆಯೋದು?"

ಸುನೀಲ್‌ಕುಮಾರ್ ಪ್ರಾಮಾಣಿಕನಾಗಬೇಕೆಂದು ಹೊರಟವನಲ್ಲ, ಗಾಬರಿಯಲ್ಲಿ ಆಗಿಬಿಟ್ಟ. "ಇಷ್ಟು ಓಪನ್ ಆಗಿ ಅಲ್ಲ ಸರ್."

ವೀರಭದ್ರಸ್ವಾಮಿಯವರ ಹೊಟ್ಟೆ ನಗುವಿಗೆ ಒಮ್ಮೆ ಕುಲುಕಿತು. ಅವರು ಅದನ್ನು ಗದರಿಸಿ ಸುಮ್ಮನಾಗಿಸಿದರು.

"ಆ ಕೆ.ಆರ್. ನಗರದ ನಂಬರ್ ಕೊಡವ್ವ," ಎಂದು ಪೂಜಾಳಿಂದ ಫೋನು ಇಸಿದುಕೊಂಡು, ನಿಂತಲ್ಲಿಂದಲೇ ಮಂಡಿಯ ದನಿಯಲ್ಲಿ ಕೂಗಿದರು. "ರೀ, ಪಿತ್ತಕೋಶದ ಕಲ್ಲು ತೆಗೆಯೋಕೆ ಎಷ್ಟ್ರೀ? ಜೋರಾಗಿ ಹೇಳಿ, ಇಲ್ಲೆಲ್ರಿಗೂ ಕೇಳುಸ್ಬೇಕು." ಸ್ಪೀಕರಿನಿಂದ ನರ್ಸಿನ ದನಿ ಬಂತು: ಮೂವತ್ತಾರು ಸಾವಿರ, ಔಷಧಿ ಸೇರಿ. "ಮ್ಯಾಲೆ ಬೀಳೋದು ಏನಾದ್ರೂ?" ಏನೂ ಇಲ್ಲ. "ಆಯ್ತು. ಗುರುವಾರ ಕಳುಸ್ತೀನಿ. ದುಡ್ಡು ಮಂಡಿಯಿಂದ ನೇರ ಬತ್ತದೆ."

ಕುಳ್ಳಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರೆಂದು ನಂಬುವಷ್ಟು ಸೆಕೆಯೂ ಇರಲಿಲ್ಲ ಆ ಬೆಳಗ್ಗೆ.

ಸುನೀಲ್‌ಕುಮಾರ್ ಪೆನ್ನಿನ ಟೋಪಿ ತೆಗೆದು ಕಾದಿದ್ದ. "ಸರ್, ಸಹಿ...?"

"ಪೆನ್ ಮಡಿಕಪ್ಪ. ಎದೆ ಒಡೆದು ಆಪರೇಸನ್ನು, ಲಾರಿ ಆಕ್ಸಿಡೆಂಟು, ಅಂತ ದೊಡ್ಡದಕ್ಕೆ ಮಾತ್ರ ಪಾಲಿಸಿ ತತ್ತಾ, ಎರಡು ವರ್ಷ ಕಾಯೋ ಮಾತು ಅದ್ರಾಗೆ ಇರ್ಬಾರ್ದು. ಕಲ್ಲು, ಅರ್ನಿಯಾ, ಎರಿಗೆ, ಇಂತವ್ಕೆಲ್ಲ ರೇಟ್ ಬಾಯ್ಬಿಟ್ಟು ಹೇಳೋ ಆಸ್ಪತ್ರೆಗೆ ಮಂಡಿಯಿಂದ್ಲೇ ಕಟ್ತೀವಿ. ಕ್ವಾಟೆ, ಉಣಸೂರು ಎಲ್ಲಾನೂ ಪೂಜಾ ಕೇಳ್ತಾಳೆ." ಪೂಜಾಳ ಕಡೆ ತಿರುಗಿ ಸೇರಿಸಿದರು, "ಅಜ್ಜಿ ಆಗಿ ಕೇಳು, ಕಂಪ್ನಿ ಆಗೂ ಕೇಳು. ಎರಡೂ ಒಂದೇ ಬಂದ್ರೆ ಮಾತ್ರ ಮಾತಾಡು. ನನ್ನ ದನಿ ಮಾತ್ರ ತೆಗೀಬ್ಯಾಡ."

"ಇಲ್ಲ ಸರ್," ಎಂದಳು ಪೂಜಾ, ಅವರದೇ ದನಿಯಲ್ಲಿ. ಆ ದನಿ ಅವತ್ತು ಇಳಿಯಲು ಒಪ್ಪುತ್ತಲೇ ಇರಲಿಲ್ಲ.

ಅವರು ಅವಳ ಮುಖವನ್ನೇ ದಿಟ್ಟಿಸಿದರು. ಮೀಸೆಯ ಒಂದು ತುದಿ ನಡುಗಿತು. ಅದನ್ನು ಮರೆಮಾಚಲು ಗಲ್ಲಾಪೆಟ್ಟಿಗೆಯ ಕಡೆ ತಿರುಗಿ, "ನಂದು ಎಷ್ಟಾಯ್ತಮ್ಮಿ ಬಿಲ್ಲು?" ಎಂದು ಗದರಿದರು.

ಕುಳ್ಳಮ್ಮ ಮತ್ತೆ ಕನ್ನಡಕ ಏರಿಸಿದಳು. "ಇಡ್ಲಿ, ವಡೆ, ಅಡ್ಮಿಸನ್ನು, ಭಟ್ರು ಬಗ್ಗಿ ನೋಡಿದ್ದು, ಕುರ್ಚಿ ಬಾಡ್ಗೆ, ಸಾಂಬಾರ್ ಚೆಲ್ಲಿದ್ದಕ್ಕೆ ಕ್ಲೀನಿಂಗು, ಟವೆಲ್ ಡ್ಯಾಮೇಜು..." ಕನ್ನಡಕದ ಮೇಲಿಂದ ಅವರನ್ನು ನೋಡಿದಳು. "ನಗು ತಡ್ಕಂಡಿದ್ದು ನಮ್ಮ ಪ್ಯಾಕೇಜ್ನಾಗೆ ಬರಾಕಿಲ್ಲ ಸಾವ್ಕಾರ್ರೆ. ಅದ್ಕೆ ಸಪ್ರೇಟು ಕಟ್ಟಬೇಕಾದದೆ."

ಮೊದಲು ಕಂಡಕ್ಟರ್ ನಕ್ಕ. ಕಂಠಪ್ಪ ನಕ್ಕ. ಪೂಜಾ ಕಂಬ ಹಿಡಿದುಕೊಂಡು ನಕ್ಕಳು. ಕುಳ್ಳಮ್ಮ, "ನಗುಸ್ಬ್ಯಾಡ್ರೋ, ನೋಯ್ತದೆ ಕಣ್ರೋ," ಎಂದು ಪಕ್ಕೆ ಒತ್ತಿಕೊಂಡು ನಕ್ಕಳು. ಸುನೀಲ್‌ಕುಮಾರನೊಬ್ಬ ಪೆನ್ನಿಗೆ ಟೋಪಿ ಹಾಕುತ್ತ ಕೂತಿದ್ದ. ಆಮೇಲೆ ವೀರಭದ್ರಸ್ವಾಮಿಯವರು ಶುರು ಮಾಡಿದರು. ಮೇಜು ಹಿಡಿದರು, ಮೇಜು ಅಲ್ಲಾಡಿತು; ವಿಭೂತಿ ಉದುರಿ ಮೂಗಿನ ಮೇಲಿಳಿಯಿತು; ಮೀಸೆಗೆ ಅಂಟಿದ್ದ ಇಡ್ಲಿಯ ಚೂರು ಸುನೀಲ್‌ಕುಮಾರನ ಕಾಗದಗಳ ಮೇಲೆ ಸಹಿಯಂತೆ ಹೋಗಿ ಕೂತಿತು. ಅದನ್ನು ಬೆರಳಿನಿಂದ ತೋರಿಸಲು ಹೋಗಿ ಆಗದೆ, ಕಣ್ಣಲ್ಲಿ ನೀರು ಸುರಿಸುತ್ತ ಅವರು ಎಷ್ಟು ದೊಡ್ಡದಾಗಿ ನಕ್ಕರೆಂದರೆ, ಎದುರಿನ ಸ್ಟ್ಯಾಂಡಿನಲ್ಲಿ ಎಚ್.ಡಿ. ಕೋಟೆ ಬಸ್ಸು ಹತ್ತಿ ಕೂತವರೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದರು.